ಅಕ್ಕ ಬದಿಗಿಟ್ಟ ಡಿಸ್ಕು

ಇಲ್ಲಿ ಸೇರಿರುವ ಹಿರಿಯರಿಗೆ, ನಮ್ಮ ವಿಚಾರಣಾ ಕಚೇರಿಯ ಎಲ್ಲ ಸಹೋದ್ಯೋಗಿಗಳಿಗೆ, ಮೊದಲ ಸಾಲಿನಲ್ಲಿ ಕುಳಿತಿರುವ ಅಕ್ಕನ ಮನೆಯವರಿಗೆ — ಭಾವ, ಅತ್ತೆಯವರು, ಮಗಳು — ನನ್ನ ನಮಸ್ಕಾರ. ಅವರ ಪಕ್ಕದಲ್ಲೇ ಕುಳಿತಿರುವ ನಮ್ಮ ಮುಖ್ಯಸ್ಥರಿಗೂ ನಮಸ್ಕಾರ.

ತೀರಿಕೊಂಡ ಅಕ್ಕನ ನೆನಪಿಗೆ ಎರಡು ಮಾತು ಆಡು ಎಂದು ನನ್ನನ್ನು ಕರೆದಿದ್ದಾರೆ. ಎರಡರಲ್ಲಿ ಮುಗಿಯುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ.

ಮುಖ್ಯಸ್ಥರು ಈಗಷ್ಟೇ ಮಾತಾಡಿ ಕುಳಿತರು. ಅಕ್ಕ ಶಾಂತ ಸ್ವಭಾವದವರು, ಯಾರಿಗೂ ಎದುರಾಡಿದವರಲ್ಲ ಎಂದರು. ಯಾರ ಬಗ್ಗೆ ಹೇಳಿದಿರಿ ಸ್ವಾಮಿ? ನಮ್ಮ ರೆಕಾರ್ಡಿಂಗ್ ಕೋಣೆಯಲ್ಲಿದ್ದ ಅಕ್ಕ ಬೆಳಿಗ್ಗೆ ಬಂದವರೇ ಮೊದಲು ಫ್ಯಾನಿಗೆ ಬೈಯುತ್ತಿದ್ದರು. ಆಮೇಲೆ ಕಂಪ್ಯೂಟರಿಗೆ. ಆಮೇಲೆ ನನಗೆ. ನಾನು ಚೀಲದಲ್ಲಿ ಯಾವಾಗಲೂ ನಾಲ್ಕು ಕರಪತ್ರ ಇಟ್ಟುಕೊಂಡು ಓದುತ್ತಿದ್ದೆ ಎಂದು ನನ್ನ ಹೆಸರನ್ನೇ ‘ಕರಪತ್ರ’ ಮಾಡಿಬಿಟ್ಟಿದ್ದರು. “ಬಾರಪ್ಪಾ ಕರಪತ್ರ, ಕ್ರಾಂತಿ ಮಧ್ಯಾಹ್ನ ಮಾಡೋಣ, ಮೊದಲು ಆ ಡ್ರೈವಿನ ಧೂಳು ಒರೆಸು.” — ಇದು ಶಾಂತ ಸ್ವಭಾವ. ಭಾವ ನಗುತ್ತಿದ್ದಾರೆ. ಅವರಿಗೆ ಗೊತ್ತು.

ಕೆಲಸದ ವಿಷಯಕ್ಕೆ ಬರುತ್ತೇನೆ. ಹೊರಗಿನಿಂದ ಬಂದವರಿಗಾಗಿ ಬಿಡಿಸಿ ಹೇಳುತ್ತೇನೆ. ನಮ್ಮ ಕಚೇರಿಗೆ ಕಾರ್ಖಾನೆಗಳ ಕೆಲಸಗಾರರು ದೂರು ತರುತ್ತಾರೆ, ಸಾಕ್ಷಿ ಹೇಳುತ್ತಾರೆ. ನಾವು ಅದನ್ನು ವಿಡಿಯೊ ಮಾಡಿ, ಡಿಸ್ಕಿಗೆ ಹಾಕಿ, ಕಚೇರಿಯ ಮುದ್ರೆ ಒತ್ತಿ ವಿಚಾರಣೆಯ ಹಾಲ್‌ಗೆ ಕಳಿಸುತ್ತೇವೆ. ಒಬ್ಬ ಸಾಕ್ಷಿಗೆ ಒಂದೇ ಡಿಸ್ಕು. ಇದು ನಿಯಮ. ಯಾರು ಮಾಡಿದರು, ಯಾಕೆ ಮಾಡಿದರು, ಯಾರಿಗೂ ಗೊತ್ತಿಲ್ಲ. ಆದರೆ ನಿಯಮ.

ಬಣ್ಣದ ಕಾರ್ಖಾನೆಯ ತೊಟ್ಟಿಗಳ ಬಳಿ ವರ್ಷಗಟ್ಟಲೆ ದುಡಿದ ಒಬ್ಬ ತಾಯಿ ಬಂದರು. ಅವರು ಇವತ್ತು ಇಲ್ಲೇ ಇದ್ದಾರೆ, ಹಿಂದಿನ ಬಾಗಿಲ ಪಕ್ಕ. ಅವರು ಒಂದು ಹೊತ್ತು ಪೂರ್ತಿ ಮಾತಾಡಿದರು. ಯಾವ ಡಬ್ಬ, ಯಾವ ಪುಡಿ, ಯಾವ ಮೇಸ್ತ್ರಿ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲೂ ಬಿಡಲಿಲ್ಲ, ಎಲ್ಲವನ್ನೂ ಹೇಳಿದರು. ಕೈ ಎತ್ತಿ ಉಗುರು ತೋರಿಸಿದರು — ಹೀಗೆ. ಅಷ್ಟು ಉದ್ದದ ಚಿತ್ರ ಮಾಮೂಲಿ ಡಿಸ್ಕಿನಲ್ಲಿ ಹಿಡಿಸುವುದಿಲ್ಲ. ಒತ್ತಿ ಚಿಕ್ಕದು ಮಾಡಿದರೆ ಉಗುರಿನ ಬಣ್ಣ ಕಾಣದಷ್ಟು ಮಬ್ಬಾಗುತ್ತದೆ. ಸ್ವಲ್ಪ ಕತ್ತರಿಸಿ ಎಂದು ಮೇಲಿನಿಂದ ಮಾತು ಬಂತು. ಯಾವ ಸ್ವಲ್ಪ ಎಂದು ಅಕ್ಕ ಕೇಳಿದರು. ಕತ್ತರಿಸಲಿಲ್ಲ.

ಹಾಗಾಗಿ ಡಬಲ್ ಲೇಯರ್ ಡಿಸ್ಕು. ಒಂದೇ ಮೈಯಲ್ಲಿ ಎರಡು ಪದರ. ಮೊದಲನೆಯದು ಮುಗಿದ ಕೂಡಲೇ ಡ್ರೈವಿನೊಳಗಿನ ಲೇಸರ್ ಬೆಳಕು ಎರಡನೆಯದಕ್ಕೆ ದಾಟಬೇಕು. ದಾಟುವಾಗ ಚಿತ್ರ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲುತ್ತದೆ. ಅದು ಎಲ್ಲಿ ನಿಲ್ಲಬೇಕು ಎಂದು, ಅರ್ಧದ ಆಸುಪಾಸಿನಲ್ಲಿ, ನಾವೇ ಗುರುತು ಹಾಕಬಹುದು. ಎಲ್ಲರೂ ಅದನ್ನು ಯಂತ್ರಕ್ಕೆ ಬಿಟ್ಟುಬಿಡುತ್ತಾರೆ. ಅಕ್ಕ ಬಿಡುತ್ತಿರಲಿಲ್ಲ. ಹೆಡ್‌ಫೋನನ್ನು ಎರಡೂ ಕೈಯಿಂದ ಹೀಗೆ ಒತ್ತಿ ಹಿಡಿದು, ಆ ತಾಯಿ ನೀರು ಕುಡಿಯಲು ಮಾತು ನಿಲ್ಲಿಸಿದ ಜಾಗವನ್ನು ಹುಡುಕಿ ಅಲ್ಲಿ ಗುರುತು ಹಾಕಿದರು. ಇಷ್ಟೆಲ್ಲ ಯಾಕಕ್ಕಾ ಎಂದೆ.

“ಅವರು ನಿಲ್ಲಿಸಿದ ಕಡೆ ಯಂತ್ರಾನೂ ನಿಲ್ಲಲಿ. ಅವರ ಮಾತಿನ ಮಧ್ಯೆ ಬಾಯಿ ಹಾಕೋಕೆ ಇದ್ಯಾರು?”

ಗೆಳೆಯರೇ, ನಾನು ಓದಿದ ಯಾವ ಕರಪತ್ರದಲ್ಲೂ ಈ ಮಾತು ಇರಲಿಲ್ಲ.

ಆದರೆ ಡಿಸ್ಕು ಕೈಕೊಟ್ಟಿತು. ಡ್ರೈವು ಮೊದಲ ಪದರಕ್ಕೆ ಸರಿಯಾಗಿ ಬರೆಯುತ್ತಿತ್ತು, ದಾಟುವ ಜಾಗಕ್ಕೆ ಬಂದಾಗ ಡಿಸ್ಕು ಸಾಯುತ್ತಿತ್ತು. ಅಕ್ಕ ಮೊದಲು ಡ್ರೈವನ್ನು ಬೈದರು. ಕೇಬಲ್ ಬದಲಿಸಿದರು. ಅದಲ್ಲ. ಇಡೀ ಸಾಕ್ಷಿಯನ್ನು ಮೊದಲು ಹಾರ್ಡ್ ಡಿಸ್ಕಿನಲ್ಲಿ ಒಂದೇ ಇಮೇಜ್ ಫೈಲಾಗಿ ಮಾಡಿಟ್ಟರು — ಅಂದರೆ ಡಿಸ್ಕಿನ ಪಡಿಯಚ್ಚು. ಅದನ್ನು ಕಂಪ್ಯೂಟರಿನಲ್ಲೇ ತೆರೆದು ಮೊದಲಿಂದ ಕೊನೆವರೆಗೆ ನೋಡಿದರು. ಎಲ್ಲೂ ಕೊಂಕಿಲ್ಲ. ಅಂದರೆ ಚಿತ್ರ ಸರಿ ಇದೆ, ಬರೆಯುವುದರಲ್ಲಿ ತೊಂದರೆ. ವೇಗ ಇಳಿಸಿದರು. ಆಗಲೂ ಸತ್ತಿತು. ಕೊನೆಗೆ ಮನೆಯಲ್ಲಿದ್ದ ಬೇರೆ ಕಂಪನಿಯ ಒಂದು ಡಿಸ್ಕು ತಂದು, ತಮ್ಮ ಮಗಳ ನೃತ್ಯದ ವಿಡಿಯೊಗಳನ್ನು ತುಂಬಿಸಿ ಬರೆದು ನೋಡಿದರು. ಸಲೀಸಾಗಿ ದಾಟಿತು. ಕೆಟ್ಟದ್ದು ಕಚೇರಿ ಕೊಂಡ ಡಿಸ್ಕುಗಳು. ಇಡೀ ಪೆಟ್ಟಿಗೆ.

ಒಳ್ಳೆಯ ಡಿಸ್ಕು ತರಿಸಿ ಎಂದು ಕೇಳಿದರೆ, ಡಿಸ್ಕು ಅಂದರೆ ಡಿಸ್ಕು, ಅದರಲ್ಲಿ ಒಳ್ಳೆಯದು ಕೆಟ್ಟದ್ದು ಏನು ಎಂದು ಖರೀದಿ ವಿಭಾಗದವರು ನಕ್ಕರು. ಅಕ್ಕ ಅವರ ಮೇಜಿನ ಮೇಲೆ ಒಂದು ಸತ್ತ ಡಿಸ್ಕು ಇಟ್ಟು, “ಹಾಗಾದ್ರೆ ಇದರ ಮೇಲೆ ಲೋಟ ಇಟ್ಕೊಳ್ಳಿ” ಎಂದು ಬಂದರು. ಎದುರಾಡದ ಅಕ್ಕ.

ಈಗ ಒಂದು ತಪ್ಪಿನ ಬಗ್ಗೆ. ಹೌದು, ಅಕ್ಕನದೂ ತಪ್ಪಿತ್ತು. ವಿಡಿಯೊ ಹಾಕಿದ ಮೇಲೆ ಪೆನ್ನು ಒತ್ತಿದರೆ ಡಿಸ್ಕು ಹಾಳಾಗುತ್ತದೆ ಎಂದು ಅವರು ಸಾಕ್ಷಿಯ ಹೆಸರನ್ನು ಮೊದಲೇ ಬರೆದಿಡುತ್ತಿದ್ದರು. ಕೆಟ್ಟ ಡಿಸ್ಕನ್ನು ಮುರಿದು ಎಸೆಯುತ್ತಿರಲಿಲ್ಲ. ಎಲ್ಲಿ ಸತ್ತಿತು ಎಂದು ನೋಡಬೇಕಲ್ಲ. ಅದರ ಕಾಗದದ ಕವರಿನ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡ ಗೀಟು ಹೊಡೆದು ಮೇಜಿನ ಎಡಕ್ಕೆ ಇಡುತ್ತಿದ್ದರು. ಕವರಿನ ಮೇಲೆ ಗೀಟು, ಡಿಸ್ಕಿನ ಮೇಲೆ ಬರೀ ಹೆಸರು. ಅಕ್ಕನ ತಪ್ಪು ಅಷ್ಟು. ಅದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಲ್ಲ.

ಒಳ್ಳೆಯ ಡಿಸ್ಕು ಇನ್ನೂ ಬಂದಿರಲಿಲ್ಲ. ಅಕ್ಕ ಎದೆಯ ಪರೀಕ್ಷೆಗೆ ಆಸ್ಪತ್ರೆಗೆ ಹೋದ ದಿನ ಹಾಲ್‌ನಿಂದ ಡಿಸ್ಕು ಕೇಳಿದರು. ಮುಖ್ಯಸ್ಥರು ಸ್ವತಃ ನಮ್ಮ ಕೋಣೆಗೆ ಹೋದರು. ಕೋಣೆಯಲ್ಲಿ ಯಾರೂ ಇರಲಿಲ್ಲ. ಫೋನು ಮಾಡಿ ಅಕ್ಕನನ್ನು ಕೇಳಬಹುದಿತ್ತು. ಕೇಳಲಿಲ್ಲ. ಎಡಗಡೆಯ ರಾಶಿಯಿಂದ ಆ ತಾಯಿಯ ಹೆಸರಿದ್ದ ಡಿಸ್ಕನ್ನು ತೆಗೆದರು. ಕೆಂಪು ಗೀಟಿನ ಕವರು — ಕಸದ ಬುಟ್ಟಿಗೆ. ನಾನೇ ಆಮೇಲೆ ಅಲ್ಲಿಂದ ಎತ್ತಿಕೊಂಡೆ. ಡಿಸ್ಕು ಹೊಸ ಡಬ್ಬಿಗೆ. ಮುದ್ರೆ. ರವಾನೆ.

ಹಾಲ್‌ನಲ್ಲಿ ಅರ್ಧದವರೆಗೆ ಓಡಿತು. ಆ ತಾಯಿ ನೀರಿನ ಲೋಟಕ್ಕೆ ಕೈ ಚಾಚಿದರು. ಅಲ್ಲೇ ನಿಂತಿತು. ಮತ್ತೆ ಏಳಲಿಲ್ಲ. ಕಾರ್ಖಾನೆಯ ವಕೀಲರು ಎದ್ದು ನಿಂತು, “ಸಾಕ್ಷಿ ಹೇಳೋದು ಇಷ್ಟೇ ಅಂತ ಕಾಣುತ್ತೆ” ಎಂದರು. ಕೆಲವರು ನಕ್ಕರು. ಉಗುರು ತೋರಿಸಿದ್ದು, ಮೇಸ್ತ್ರಿಯ ವಿಷಯ — ಎಲ್ಲವೂ ಎರಡನೆಯ ಪದರದಲ್ಲಿ ಇರಬೇಕಿತ್ತು. ಅದನ್ನು ಯಾರೂ ನೋಡಲಿಲ್ಲ.

ಮರುದಿನ ಮೆಟ್ಟಿಲ ಬಳಿಯ ಬೋರ್ಡಿನಲ್ಲಿ ನೋಟಿಸು ಬಿತ್ತು: ರೆಕಾರ್ಡಿಂಗ್ ವಿಭಾಗದ ಹಿರಿಯ ಸಿಬ್ಬಂದಿಯ ಅಜಾಗರೂಕತೆ. ಅದು ಇನ್ನೂ ಅಲ್ಲೇ ಇದೆ. ಇವತ್ತು ಈ ಸಭೆಗೆ ಬರುವಾಗ ಅಕ್ಕನ ಮಗಳು ಅದರ ಮುಂದೆ ನಿಂತು ಓದಿದಳು. ಓದಿ ನನ್ನ ಕಡೆ ತಿರುಗಿ, “ಮಾಮ, ಇದು ಅಮ್ಮನಾ?” ಎಂದಳು.

ಅಕ್ಕ ಇದರಿಂದ ಸತ್ತರು ಎಂದು ನಾನು ಹೇಳುವುದಿಲ್ಲ. ಹೃದಯ ಮೊದಲೇ ದುರ್ಬಲವಾಗಿತ್ತು ಎಂದು ವೈದ್ಯರು ಹೇಳಿದ್ದಾರೆ. ನಾನು ಸುಳ್ಳು ಹೇಳಲು ಇಲ್ಲಿ ನಿಂತಿಲ್ಲ. ಆದರೆ ಮುಖ್ಯಸ್ಥರೇ, ಸತ್ತವರು ಬಂದು ಉತ್ತರ ಕೊಡುವುದಿಲ್ಲ ಎಂದು ತಿಳಿದೇ ಆ ನೋಟಿಸನ್ನು ಅಲ್ಲಿ ಬಿಟ್ಟಿದ್ದೀರಿ. ಇದಕ್ಕೆ ಏನೆಂದು ಹೆಸರಿಡಲಿ?

ಇಮೇಜ್ ಇನ್ನೂ ಇದೆ. ಪೂರ್ತಿ ಸಾಕ್ಷಿ ಅಕ್ಕನ ಕಂಪ್ಯೂಟರಿನಲ್ಲಿದೆ. ಒಳ್ಳೆಯ ಡಿಸ್ಕೊಂದು ತಂದು, ನಿಧಾನವಾಗಿ ಬರೆದು, ಪರೀಕ್ಷಿಸಿ, ಮುದ್ರೆ ಒತ್ತಿದರೆ ಮುಂದಿನ ವಿಚಾರಣೆಗೆ ಕೊಡಬಹುದು. ಆದರೆ ಕೋಣೆಗೆ ಬೀಗ ಬಿದ್ದಿದೆ. ಕೀಲಿ ಮುಖ್ಯಸ್ಥರ ಹತ್ತಿರ. ಈ ವಾರ ಕಂಪ್ಯೂಟರನ್ನು ಪೂರ್ತಿ ಅಳಿಸಿ ಬೇರೆ ವಿಭಾಗಕ್ಕೆ ಕೊಡುತ್ತಾರಂತೆ. ನಾನು ಹೋಗಿ ಕೇಳಿಕೊಂಡೆ. ಅವರು ಹೇಳಿದ್ದು ಇದು: “ಇನ್ನೊಂದು ಪ್ರತಿ ಕೊಟ್ರೆ ಮೊದಲನೇದು ಕಚೇರಿ ತಪ್ಪು ಅಂತ ಒಪ್ಪಿಕೊಂಡ ಹಾಗಾಗುತ್ತೆ ಕಣಯ್ಯಾ.”

ಆಗಲಿ! ತಪ್ಪು ಕಚೇರಿಯದೇ ತಾನೆ?

ಆ ತಾಯಿ ಮತ್ತೊಮ್ಮೆ ಸಾಕ್ಷಿ ಹೇಳಲಾರರು. ನಾಲ್ಕು ಮಾತಿಗೆ ಉಸಿರು ಮೇಲಕ್ಕೆ ಹತ್ತುತ್ತದೆ. ಅವರ ದನಿ ಇರುವುದು ಆ ಬೀಗದ ಹಿಂದೆ ಮಾತ್ರ. ಅಕ್ಕನ ಮರ್ಯಾದೆಯೂ ಅಲ್ಲೇ ಇದೆ.

ಭಾವ, ನಿಮ್ಮ ಮನೆಯ ದುಃಖದ ಸಭೆಯಲ್ಲಿ ಹೀಗೆ ದನಿ ಎತ್ತಿದ್ದಕ್ಕೆ ಕ್ಷಮೆ ಇರಲಿ. ಆದರೆ ಹೂವು ಹಾಕಿ, ಒಳ್ಳೆಯವರಿದ್ದರು ಎಂದು ಹೇಳಿ, ಅದೇ ನೋಟಿಸಿನ ಮುಂದೆ ಮೆಟ್ಟಿಲಿಳಿದು ಮನೆಗೆ ಹೋಗುವುದು ನನ್ನಿಂದ ಆಗುವುದಿಲ್ಲ.

ಇನ್ನು ಮೌನದ ಹೊತ್ತು. ಇವತ್ತು ಇದು ಬರೀ ರೂಢಿಗೆ ಬೇಡ. ಎದ್ದು ನಿಲ್ಲುವ ಪ್ರತಿಯೊಬ್ಬರೂ ಒಂದು ಮಾತು ಕೊಡುತ್ತಿದ್ದಾರೆ ಎಂದು ನಾನು ತಿಳಿಯುತ್ತೇನೆ: ನೋಟಿಸು ಇಳಿಯಬೇಕು, ಬೀಗ ತೆಗೆಯಬೇಕು, ಆ ಸಾಕ್ಷಿ ಪೂರ್ತಿ ಹಾಲ್‌ಗೆ ಹೋಗಬೇಕು. ಒಪ್ಪದವರು ಕುಳಿತೇ ಇರಲಿ. ಯಾರಿಗೂ ಒತ್ತಾಯವಿಲ್ಲ.

ಹಿಂದೆ ಕುಳಿತಿರುವ ಅಮ್ಮಾ, ನೀವು ಮಾತ್ರ ಏಳಬೇಡಿ. ನಿಮಗೆ ಆಯಾಸವಾಗುತ್ತದೆ. ನಿಮ್ಮ ಪಾಲಿಗೂ ನಾವೇ ನಿಲ್ಲುತ್ತೇವೆ.

ಮುಖ್ಯಸ್ಥರೇ, ಮೊದಲ ಸಾಲಿನಿಂದ ಶುರು ಮಾಡೋಣ. ಅಕ್ಕನ ಮಗಳು ಆಗಲೇ ಎದ್ದಿದ್ದಾಳೆ. ನಾವು ಕಾಯುತ್ತೇವೆ.

ಎಲ್ಲರೂ — ದಯವಿಟ್ಟು — ಎದ್ದು ನಿಲ್ಲಿ.