ನಿಲ್ಲದ ಬ್ಲೋವರ್

ಹಿಂದೂಪುರದ ರಿಪೇರಿ ಅಂಗಡಿಯ ಮೂಲೆಯಲ್ಲಿ, ಕೆಲಸದ ಹುಡುಗಿ ಭಾರ್ಗವಿ ಫ್ಯಾನೊಂದರ ರೆಕ್ಕೆಗಳ ಧೂಳನ್ನು ಹಳೆಯ ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಲಕ್ಷ್ಮೀದೇವಿ ಮೆಟ್ಟಿಲ ಕೆಳಗೇ ನಿಂತು ಅಂಗಡಿಯ ಓಬುಳೇಶನನ್ನು ಕರೆದಳು.

“ರೇಷ್ಮೆ ಹುಳದ ಮನೆ ಹೀಟರ್ ಬ್ಲೋವರ್ ನಿಲ್ತಾನೇ ಇಲ್ಲ ಕಣಪ್ಪ. ರಿಮೋಟ್ ಒತ್ತಿದ್ರೂ ಬಿಸಿಗಾಳಿ ಹೊಡೀತಾನೇ ಐತೆ. ಸೊಪ್ಪೆಲ್ಲ ಹಪ್ಪಳ ಆಗೋಯ್ತು.”

“ಒಳಗಿನ ರಿಲೇ ಸ್ವಿಚ್ಚು ಅಂಟ್ಕೊಂಡಿರ್ತದೆ ಅಕ್ಕ. ಮೇನ್ ಸ್ವಿಚ್ಚು ಇಳಿಸಿಬುಡು.”

“ಮೇನ್ ಹುಳದ ಮನೆ ಒಳಗೈತೆ. ಮಾವನ ತಿಥಿ ಇನ್ನೂ ಆಗಿಲ್ಲ. ಈ ಮೈಲಿಗೇಲಿ ಮನೇರು ಯಾರು ಒಳಕ್ಕೆ ಹೋಗ್ತಾರೆ? ಹಿಂಗೇ ಬಿಟ್ರೆ ಸಂಜೆಗೆ ಒಂದು ಹುಳಾನೂ ಉಳಿಯಲ್ಲ.”

“ಪಕ್ಕದ್ಮನೆ ಪೆದ್ದಕ್ಕ ಸೊಪ್ಪು ಹಾಕ್ತಿದ್ಲಲ್ಲ?”

“ಬೆಳಿಗ್ಗೇನೇ ಕಲ್ಯಾಣದುರ್ಗದ ಬಸ್ ಹತ್ತಿದ್ಲು. ನೀನೇ ಬಾ.”

“ನಾನೂ ನಿಮ್ಮ ಮಾವನ ಚಟ್ಟಕ್ಕೆ ಹೆಗಲು ಕೊಟ್ಟೋನೇ ಕದಾ ಅಕ್ಕ.”

“ಮಾವ ಬದುಕಿದ್ದಾಗ್ಲೂ ನನ್ನ ಒಂದು ಸ್ವಿಚ್ ಮುಟ್ಟೋಕೆ ಬಿಡ್ಲಿಲ್ಲ. ಈಗ್ಲೂ ಬಿಡ್ತಿಲ್ಲ ನೋಡು.”

ಓಬುಳೇಶ ನಗಲಿಲ್ಲ. ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಹುಳ ಸಾಕುವವರೇ. ಸಾವಿನ ಮನೆ ತುಳಿದವರು ತಮ್ಮ ಹುಳದ ಮನೆಗೂ ಕಾಲಿಡುವಂತಿಲ್ಲ. ಭಾರ್ಗವಿಯ ಮನೆಯಲ್ಲೂ ಹುಳುಗಳು ಹಣ್ಣಾಗಿ ಗೂಡು ಕಟ್ಟುವುದರಲ್ಲಿದ್ದವು. ಅವಳು ತಲೆ ಎತ್ತಲಿಲ್ಲ.

ಲಕ್ಷ್ಮೀದೇವಿ ಬಸ್‌ಸ್ಟ್ಯಾಂಡಿನ ಕಡೆ ಹೊರಟವಳು ತಿರುಗಿ ಬೆಂಚಿನ ಕಡೆ ನೋಡಿದಳು.

“ಯಾರಾನಾ ಒಬ್ರು ಬಂದು ಆ ಮೇನ್ ಇಳಿಸ್ಕೊಡ್ರಪ್ಪ.”

ಬೆಂಚಿನಿಂದ ಯಾರೂ ಏಳಲಿಲ್ಲ; ಭಾರ್ಗವಿ ಮುಂದಿನ ರೆಕ್ಕೆಗೆ ಬ್ರಷ್ಷು ಹಾಕಿದಳು.