ಅರ್ಧ ಗಂಟೆಗೆ ಒಂದೇ ಕಂತು

ಇಂಗ್ಲೆಂಡಿನ ಹಲ್ ಊರಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ನಡುವಯಸ್ಸಿನ ಅಕ್ಕ ತಮ್ಮ ಕೂತಿದ್ದರು. ಒಳಗೆ ಅವರಪ್ಪ ಒಂಬತ್ತು ದಿನದಿಂದ ಕಣ್ಣು ಬಿಟ್ಟಿರಲಿಲ್ಲ. ಉಸಿರಿನ ಯಂತ್ರ ನಿಲ್ಲಿಸುವ ಮಾತನ್ನು ವೈದ್ಯರು ನಾಲ್ಕು ಗಂಟೆಗೆ ಆಡುವವರಿದ್ದರು. ನನ್ನಜ್ಜಿಯ ಕತೆಯಲ್ಲಿ ನಿದ್ದೆಹೋದ ರಾಜನನ್ನು ಎಬ್ಬಿಸಲು ಏಳು ಕಡಲಾಚೆಯ ಹೂವು ಬೇಕಿತ್ತು. ಇವರ ಕೈಯಲ್ಲಿದ್ದದ್ದು ಒಂದು ಫೋನು, ಅದರಲ್ಲಿ ಅಪ್ಪ ನೋಡುತ್ತಿದ್ದ ಎಪ್ಪತ್ತರ ದಶಕದ ಒಂದು ನಗೆ ಧಾರಾವಾಹಿ.

“ಒಳಗೆ ಅರ್ಧ ಗಂಟೆ ಬಿಡ್ತಾರಂತೆ ಹೇಝಲ್. ಒಂದೇ ಕಂತು. ಮೂರನೇ ಸರಣಿದು ಹಾಕೋಣ. ಲಾಡ್ಜಿನ ಯಜಮಾನಿ ಮೇಯರ್ ತಲೆ ಮೇಲೆ ಗ್ರೇವಿ ಸುರೀತಾಳಲ್ಲ, ಅದು,” ಎಂದ ತಮ್ಮ.

“ಮೊನ್ನೆ ನಾನೇ ಹಾಕಿದ್ದೆ ಕಣೋ ಕೀತ್. ಎರಡನೇ ಸರಣಿದು ಹಾಕು, ಕ್ರಿಸ್ಮಸ್ ಊಟಕ್ಕೆ ತಂದ ಹೆಬ್ಬಾತು ತಪ್ಪಿಸ್ಕೊಳ್ಳೋದು. ಅದಕ್ಕೆ ಅಪ್ಪ ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಿದ್ದ.”

“ನಿನ್ನೆ ಹಾಕಿದೆ. ರೆಪ್ಪೆ ಕೂಡ ಅಲುಗಲಿಲ್ಲ.”

ಅಕ್ಕ ತಮ್ಮನ ಕೈಲಿದ್ದ ಫೋನಿನ ಪಟ್ಟಿಯನ್ನು ತುದಿಯವರೆಗೆ ಸರಿಸಿದಳು.

“ಕೊನೇ ಸರಣಿ ಹಾಕು.”

“ತಲೆ ಕೆಟ್ಟಿದೆಯೇನೇ? ಹೊಸ ಅಡುಗೆಯವನ ಪಾತ್ರ ತಂದು ಹಾಳು ಮಾಡಿದ್ರು ಅಂತ ಅಪ್ಪ ಟೀವಿಗೆ ಚಪ್ಪಲಿ ಎಸೀತಿದ್ದ.”

“ಎಸೆದು ಸುಮ್ನಿರ್ತಿದ್ನಾ?”

“ಎಲ್ಲಿ. ಮುಗಿಯೋವರೆಗೂ ಬೈತಾನೇ ಇರ್ತಿದ್ದ.”

“ಅದಕ್ಕೇ ಕಣೋ. ನಗಿಸಿ ಎಬ್ಬಿಸೋಕೆ ಆಗಲಿಲ್ಲ. ಬೈಯೋಕಾದ್ರೂ ಏಳ್ಲಿ.”

ನರ್ಸ್ ಬಾಗಿಲು ತೆರೆದು ಕರೆದಳು. ತಮ್ಮ ಎದ್ದ, ಫೋನಿನಲ್ಲಿ ಕೊನೇ ಸರಣಿ ತೆರೆದ.

“ಅದರಲ್ಲಿ ಯಾವುದು?”

“ಎಲ್ಲಕ್ಕಿಂತ ಕೆಟ್ಟದ್ದು,” ಎಂದಳು ಅಕ್ಕ, ಅವನನ್ನು ಒಳಗೆ ತಳ್ಳುತ್ತ. “ಜೋರಾಗಿ ಹಾಕು.”