ಶಾಲನ ತೆಗೆದ ಸಾಫ್ಟ್‌ವೇರ್

ಗಡಹಿಂಗ್ಲಜ ಬಸ್ ನಿಲ್ದಾಣದಲ್ಲಿ, ಲಗ್ನಪತ್ರಿಕೆ ಅಚ್ಚುಹಾಕುವ ಬಾಳಗೊಂಡನ ಹೆಂಡತಿ ಶಾಲನ ಎಂಬಾಕೆ, ನೆರೆಮನೆಯ ಗೌರವ್ವನ ಮುಂದೆ ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿದ್ದಳು.

“ಪತ್ರಿಕಿ ಜೋಡಿಸೋ ಸಾಫ್ಟ್‌ವೇರ್ ಇವರ ಕಂಪ್ಯೂಟರಿನಿಂದ ತೆಗದ ಬಿಟ್ಟೆ, ಅಕ್ಕಾ.”

“ಯಾಕವಾ?”

“ಅದನ್ನ ಇವರಿಗೆ ಕಲಿಸಾಕಂತ ಅಚ್ಚಿನ ಅಂಗಡಿ ಇಟ್ಟಾಳಲ್ಲ, ಆ ರುಪಾಲಿ ದಿನಾ ಬರ್ತಿದ್ಲು. ಖುರ್ಚಿಗೆ ಖುರ್ಚಿ ಹಚ್ಚಿ ಕೂಡ್ತಿದ್ಲು!”

“ಈಗ ಬರೂದು ಬಂದ್ ಆತಲ್ಲ?”

“ಆಕಿ ಬರೂದು ಬಂದ್ ಆತು. ಇವರ ಹೋಗೂದು ಚಾಲೂ ಆತು, ಇಚಲಕರಂಜಿಗೆ, ಆಕಿ ಅಂಗಡಿಗೆ.” ಅವಳು ಗಂಡನ ದನಿಯನ್ನು ಅಣಕಿಸಿದಳು: “‘ಆಕಿ ಕಡೆ ಅಕ್ಷರದ ಫಾಂಟ್ ಭಾಳ ಚಂದ ಅದಾವ, ಶಾಲೂ.’ ಅತ್ತರ ಹಚ್ಕೊಂಡ ಹೋಗ್ತಾರ್ರೀ, ಫಾಂಟ್ ನೋಡಾಕ!”

“ಅಯ್ಯ! ಮತ್ತ ನೀ ಎಲ್ಲಿಗೆ ಹೊಂಟಿ?”

“ಆಕೀನ್ನ ಕರ್ಯಾಕ. ಬಂದು ಅದನ್ನ ಮತ್ತ ಹಾಕ್ಲಿ. ನನ್ನ ಕಣ್ಣ ಮುಂದರ ಕೂಡ್ಲಿ.”

ಇಚಲಕರಂಜಿ ಬಸ್ಸು ಬಂತು. ಶಾಲನ ಎಲ್ಲರನ್ನೂ ನೂಕಿಕೊಂಡು ಮೊದಲು ಹತ್ತಿದಳು.